ಬಾಯಿ ತೊಳೆಯದ ತಂಡೇಲ

ಮಾಸ್ತಿಯ ಬಾಯಲ್ಲಿ ಬೈಸಿಕೊಳ್ಳದ ಗಂಡಸು ಹೊಳನಗದ್ದೆಯಾಚೆಯ ಆ ಕಡಲ ದಂಡೆಯಲ್ಲಿ ಒಬ್ಬನೂ ಇರಲಿಲ್ಲ. ಬೈಗುಳವೆಂದರೆ ಅಂಥಿಂಥ ಬೈಗುಳವೇ? ಕೇಳಿಸಿಕೊಂಡವರು ಮನೆಗೆ ಹೋಗಿ ಕಿವಿ ತೊಳೆದುಕೊಳ್ಳಬೇಕು, ಹಾಗಿತ್ತು. ರಂಪಣಿ ಬಲೆಯ ತಂಡೇಲ ಅವನು. ಬಲೆ ಎಲ್ಲಿ ಬಿಡಬೇಕು, ಯಾವಾಗ ಬಿಡಬೇಕು, ಯಾವ ಹಗ್ಗ ಬಿಗಿಯಬೇಕು, ಯಾವುದು ಸಡಿಲಬೇಕು, ಎಲ್ಲ ಅವನು ಹೇಳಿದಂತೆ. ದೋಣಿ ನೀರು ಮುಟ್ಟಿತೋ ಇಲ್ಲವೋ ಅವನ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಆಮೇಲೆ ಅಪ್ಪನಿಲ್ಲ, ಅಣ್ಣನಿಲ್ಲ. ಅವನಿಗೆ ಹೆಣ್ಣು ಕೊಟ್ಟ ಮಾವ, ಹಲ್ಲುದುರಿದ ಮುದುಕ, ಬಡಗಣ ಹಗ್ಗದ ತುದಿಯಲ್ಲಿ ನಿಂತು ಕೈ ಹಚ್ಚುತ್ತಿದ್ದ. ಆ ಮುದುಕನನ್ನು ಮಾಸ್ತಿ ‘ಸತ್ತ ಮೇಲೂ ಪಾಲು ಕೇಳೂಕೆ ಬಂದ ಹೆಣ’ ಎಂದು ಕರೆಯುತ್ತಿದ್ದ. ಮುದುಕ ಬೊಚ್ಚು ಬಾಯಿ ಬಿಗಿಹಿಡಿದು ಇನ್ನಷ್ಟು ಜೋರಾಗಿ ಎಳೆಯುತ್ತಿದ್ದ.

ಇಷ್ಟು ಬೈದರೂ ಯಾರೂ ಅವನ ದವಡೆ ಯಾಕೆ ಮುರಿಯಲಿಲ್ಲ ಎಂದು ಕೇಳಿದರೆ, ಕೇಳಿದವರಿಗೆ ರಂಪಣಿ ಗೊತ್ತಿಲ್ಲ ಎಂದೇ ಅರ್ಥ. ಊರಿನಷ್ಟು ದೊಡ್ಡ ಬಲೆ ಅದು. ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಳಸಿ ಬಿಟ್ಟು, ಅದರ ಎರಡು ಹಗ್ಗಗಳನ್ನು ದಡಕ್ಕೆ ತರಬೇಕು. ತೆಂಕಣ ಹಗ್ಗಕ್ಕೆ ಮೂವತ್ತು ಜನ, ಬಡಗಣ ಹಗ್ಗಕ್ಕೆ ಮೂವತ್ತು ಜನ. ಎರಡೂ ಒಂದೇ ಸಮ ಬರಬೇಕು. ಒಂದು ಕಡೆಯವರು ಶೂರತನ ತೋರಿಸಿ ಮುಂದೆ ಎಳೆದರೂ ಕೆಟ್ಟಿತು, ಒಂದು ಕಡೆಯವರು ಮೈಗಳ್ಳತನ ಮಾಡಿದರೂ ಕೆಟ್ಟಿತು. ಬಲೆ ಓರೆಯಾಗಿ ಮೀನು ಸಂದಿ ಹುಡುಕಿಕೊಂಡು ಹೋಗುತ್ತದೆ. ಇನ್ನು ಆ ಅರವತ್ತು ಜನ ಯಾರು? ಒಬ್ಬನ ಕೋಳಿ ಇನ್ನೊಬ್ಬನ ಸಾರಿನಲ್ಲಿ ಬೆಂದಿದೆ. ಒಬ್ಬನ ಬೇಲಿ ಇನ್ನೊಬ್ಬನ ಅಂಗಳಕ್ಕೆ ಸರಿದಿದೆ. ಅಣ್ಣತಮ್ಮಂದಿರಿಗೆ ಮಾತಿಲ್ಲ, ಬೀಗರಿಗೆ ನೀರಿಲ್ಲ. ಇಂಥವರನ್ನು ಕಟ್ಟಿಕೊಂಡು ಒಂದೇ ಹಗ್ಗ ಎಳೆಸುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿಟ್ಟು ತೂಗಿದ ಹಾಗೆ. ಹಿರಿಯರು ಅದಕ್ಕೊಂದು ದಾರಿ ಕಂಡಿದ್ದರು. ತಂಡೇಲ ಎಲ್ಲರನ್ನೂ ಬೈಯಬೇಕು, ತಿರುಗಿ ಯಾರೂ ಬಾಯಿ ತೆರೆಯಬಾರದು. ಅರವತ್ತು ಜನರ ಸಿಟ್ಟೂ ಅವನೊಬ್ಬನ ಮೇಲೆ ತಿರುಗಿದರೆ ಒಬ್ಬರ ಮೇಲೊಬ್ಬರಿಗೆ ಸಿಟ್ಟು ಮಾಡಲು ಪುರುಸೊತ್ತಿರುವುದಿಲ್ಲ, ಹಗ್ಗ ಸಮನಾಗಿ ಬರುತ್ತದೆ.

ಇದಕ್ಕೊಂದು ಕಟ್ಟಳೆಯೂ ಇತ್ತು. ಬಲೆ ದಡ ಮುಟ್ಟಿದ ಮೇಲೆ ತಂಡೇಲ ಮೊಣಕಾಲು ನೀರಿಗಿಳಿದು, ಬೊಗಸೆ ತುಂಬ ಉಪ್ಪುನೀರೆತ್ತಿ, ಎಲ್ಲರ ಕಣ್ಣೆದುರಿಗೆ ಮೂರು ಸಲ ಬಾಯಿ ಮುಕ್ಕಳಿಸಿ ಉಗಿಯಬೇಕು. ಅಲ್ಲಿಗೆ ಆಡಿದ್ದೆಲ್ಲ ಕಡಲಿನ ಪಾಲು. ಆ ಮಾತನ್ನು ಮತ್ತೆ ಯಾರೂ ಎತ್ತಬಾರದು, ಮನೆಗಂತೂ ಒಯ್ಯಲೇಬಾರದು. ಬಾಯಿ ತೊಳೆದ ಮಾಸ್ತಿ ಬೇರೆಯೇ ಮನುಷ್ಯ. ಮಾವನ ಪಕ್ಕ ಕೂತು, ಬೀಡಿ ಹಚ್ಚಿಕೊಟ್ಟು, ಸೊಂಟದ ನೋವು ಹೇಗಿದೆ ಎಂದು ಕೇಳುತ್ತಿದ್ದ.

ಈ ಕಟ್ಟಳೆ ಮುರಿದವನು ಶಿವ. ಅವನು ತೆಂಕಣ ಹಗ್ಗದ ಮುಂದಾಳು. ಅಂದರೆ ಎಲ್ಲರಿಗಿಂತ ಮುಂದೆ, ತೆರೆ ಒಡೆಯುವಲ್ಲಿ ಕಾಲೂರಿ ನಿಂತು ಹಗ್ಗದ ಬಿಗಿ ನೋಡಿಕೊಳ್ಳುವವನು. ಮಾಸ್ತಿಯ ಒಬ್ಬಳೇ ತಂಗಿ ನಾಗಿಯನ್ನು ಮದುವೆಯಾಗಿದ್ದ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿರಲಿಲ್ಲ. ಹರಕೆ ಹೊತ್ತದ್ದಾಯಿತು, ಕುಮಟೆಯ ಡಾಕ್ಟರರನ್ನು ಕಂಡದ್ದಾಯಿತು, ಯಾರೋ ಹೇಳಿದರೆಂದು ಭಟ್ಕಳದ ತನಕ ಹೋಗಿ ಬೇರು ತಂದು ಅರೆದು ಕುಡಿದದ್ದೂ ಆಯಿತು.

ಎಪ್ಪತ್ತೇಳರ ಬಂಗಡೆಯ ಹಂಗಾಮಿನಲ್ಲಿ ಒಂದು ದಿನ ಬಲೆ ಅರ್ಧ ದಾರಿಗೆ ಬಂದಾಗ ಶಿವನ ಕಾಲು ಜಾರಿತು. ಹಗ್ಗ ಸಡಿಲಿತು. ಮಾಸ್ತಿ ಅಲ್ಲಿಂದಲೇ ಕೂಗಿದ.

“ಏ ಶಿವಾ, ಹೆಂಡ್ತಿ ಹೊಟ್ಟೆ ತುಂಬ್ಸೂಕೆ ಆಗ್ದವ, ಬಲೆ ತುಂಬಸ್ತ್ಯಾ? ಕಾಲೂರು, ಕಳ್ಳ ರಂಡೇಗಂಡ.”

ಅರವತ್ತು ಜನರೂ ನಕ್ಕರು. ನಗುತ್ತಲೇ ಎಳೆದರು. ಶಿವನೂ ಹಲ್ಲು ಕಚ್ಚಿ ಎಳೆದ. ಬಲೆ ತುಂಬಿ ಬಂತು, ಮಾಸ್ತಿ ಬಾಯಿ ತೊಳೆದ, ಶಿವನ ಹತ್ತಿರ ಬಂದು ಕಾಲು ಉಳುಕಿತೇನು ಎಂದು ಕೇಳಿದ. ಬೇರೆಯವರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಶಿವನಿಗೆ ಆ ಮಾತು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಾಯಿತು. ನುಂಗಲೂ ಆಗದು, ಉಗುಳಲೂ ಆಗದು. ಸಂಜೆ ಲಿಂಗಪ್ಪನ ಚಾ ಅಂಗಡಿಯಲ್ಲಿ ಮಾಸ್ತಿ ನಾಲ್ಕು ಜನರ ನಡುವೆ ಕೂತು ಚಾ ಕುಡಿಯುತ್ತಿದ್ದಾಗ ಶಿವ ಹೋಗಿ ಎದುರಿಗೆ ನಿಂತ.

“ನಿಮ್ಮನೆ ಗೊಡ್ಡು ದನಾನ ನನ್ನ ಕೊರಳಿಗೆ ಕಟ್ಟಿ, ನನ್ನ ಹತ್ರ ಕರು ಕೇಳ್ತ್ಯಾ ಬಾವ?”

ಮಾಸ್ತಿ ಗ್ಲಾಸು ಕೆಳಗಿಟ್ಟ. ಅದರಲ್ಲಿ ಅರ್ಧ ಚಾ ಹಾಗೆಯೇ ಇತ್ತು. ಪಂಚೆ ಕೊಡವಿಕೊಂಡು ಎದ್ದು ಒಂದು ಮಾತೂ ಆಡದೆ ಹೊರಟುಹೋದ. ಗೆದ್ದೆನೆಂದುಕೊಂಡ ಶಿವ. ಊರಿಗೆಲ್ಲ ಬೊಗಳುವ ಬಾಯಿಗೆ ಬೀಗ ಜಡಿದೆ ಎಂದು ಎದೆಯುಬ್ಬಿಸಿಕೊಂಡು ಮನೆಗೆ ಬಂದ. ಅವನಿಗಿಂತ ಮೊದಲೇ ಮಾತು ಮನೆ ಮುಟ್ಟಿತ್ತು.

ನಾಗಿ ಮೀನು ಕೊಯ್ಯುತ್ತಿದ್ದವಳು ಮೆಟ್ಟುಗತ್ತಿಯಿಂದ ಏಳಲಿಲ್ಲ. ತಲೆಯೆತ್ತಿಯೂ ನೋಡಲಿಲ್ಲ. ಅಳುತ್ತಾಳೆಂದುಕೊಂಡಿದ್ದ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದನೋ ಏನೋ.

“ಅಣ್ಣ ಅಂದದ್ದು ನೀರಲ್ಲಿ ಹೋಗಿತ್ತು,” ಎಂದಳು. “ನೀವು ಅಂದದ್ದು ಅಂಗಡೀಲಿ ಉಳೀತು.”

ಅಂದಿನಿಂದ ಅವಳು ಅನ್ನ ಬಡಿಸಿ ಎದ್ದುಹೋಗುತ್ತಿದ್ದಳು. ಮೊದಲು ಎದುರು ಕೂತು, ಸಾಲುತ್ತದೋ ಇಲ್ಲವೋ ನೋಡಿ, ಮೀನು ಮಾರಿ ಬಂದ ಪೇಟೆಯ ಸುದ್ದಿ ಹೇಳುತ್ತಿದ್ದಳು. ಈಗ ತಟ್ಟೆಯ ಪಕ್ಕ ಗಂಜಿಯ ಪಾತ್ರೆ ಇಟ್ಟು ಹಿತ್ತಲಿಗೆ ಹೋಗುವುದು. ಶಿವ ಒಬ್ಬನೇ ಉಣ್ಣುವುದು. ಹೆಂಗಸರ ಸಿಟ್ಟು ಎಷ್ಟು ದಿನ, ಇಳಿದೀತು ಎಂದುಕೊಂಡ.

ಮಾರನೆಯ ದಿನ ಬಲೆ ಬಿಟ್ಟಾಗ ಮಾಸ್ತಿ ಎಂದಿನಂತೆ ಶುರು ಮಾಡಿದ. ಬಡಗಣ ಹಗ್ಗದವರನ್ನು ಬೈದ, ತೆಂಕಣ ಹಗ್ಗದವರನ್ನು ಬೈದ, ದೋಣಿಯವರ ಏಳು ತಲೆಮಾರು ತೆಗೆದ. ಶಿವನ ಹೆಸರು ಮಾತ್ರ ಬರಲಿಲ್ಲ. ಹೆದರಿದ್ದಾನೆ ಎಂದು ಶಿವ ಒಳಗೊಳಗೇ ಹಿಗ್ಗಿದ. ಎರಡನೆಯ ದಿನವೂ ಬರಲಿಲ್ಲ. ವಾರ ಕಳೆಯಿತು. ಒಂದು ಬೆಳಿಗ್ಗೆ ಶಿವ ನಿಜಕ್ಕೂ ಎಡವಿದ, ಹಗ್ಗ ಕೈಜಾರಿತು. ಈಗ ಬೈಯುತ್ತಾನೆ ಎಂದು ಕಿವಿ ನಿಮಿರಿಸಿದ. ಮಾಸ್ತಿಯ ಬಾಯಿ ತೆರೆಯಿತು.

“ಏ ಈರಾ, ನಿನ್ನ ಕೈಗೆ ಎಂತ ಲಕ್ವ ಹೊಡ್ದಿದ್ಯಾ?”

ಈರ ಶಿವನ ಬೆನ್ನ ಹಿಂದೆ ಹಗ್ಗ ಹಿಡಿಯುವವನು. ಪಾಪದ ಪ್ರಾಣಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಅವನ ಮೈಮೇಲೆಯೇ ನಿಜವಾಯಿತು. ತಪ್ಪು ಶಿವನದು, ಬೈಗುಳ ಈರನಿಗೆ. ಒಂದು ಸಲವಲ್ಲ, ಎರಡು ಸಲವಲ್ಲ, ಪ್ರತಿ ಸಲ. ಶಿವ ನಿಂತ ಜಾಗದಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆ ಎಂಬುದೇ ಮಾಸ್ತಿಯ ಕಣ್ಣಿಗೆ ಬೀಳುತ್ತಿರಲಿಲ್ಲ. ಈರ ಮೊದಮೊದಲು ನಕ್ಕು ಸುಮ್ಮನಾದ. ಆಮೇಲೆ ಶಿವನ ಬೆನ್ನನ್ನು ಸುಡುವ ಹಾಗೆ ನೋಡತೊಡಗಿದ. ಹಂಗಾಮು ಮುಗಿಯುವ ಹೊತ್ತಿಗೆ ಹಗ್ಗದ ಮೇಲೆ ಶಿವನ ಹಿಂದೆ ಒಂದು ಆಳಿನಷ್ಟು ಜಾಗ ಖಾಲಿ ಬಿದ್ದಿತ್ತು. ಹಿಂದೆ ನಿಂತು ಅವನ ಪಾಪ ಹೊರಲು ಯಾರೂ ತಯಾರಿರಲಿಲ್ಲ.

ಬೈಸಿಕೊಂಡವರೆಲ್ಲ ಬೈಗುಳ ಮುಗಿದ ಮೇಲೆ ಒಂದಾಗುತ್ತಿದ್ದರು. ನಿನಗೆ ಇವತ್ತು ಎಂತ ಬಿತ್ತು, ನನಗೆ ಇಂಥದ್ದು ಬಿತ್ತು ಎಂದು ಮರಳಲ್ಲಿ ಕೂತು ನಗುವುದೇ ಅವರ ಸುಖ. ಶಿವ ಹೋಗಿ ಕೂತರೆ ನಗು ನಿಲ್ಲುತ್ತಿತ್ತು. ಅವನಿಗೆ ಬಿದ್ದದ್ದು ಏನೂ ಇಲ್ಲವಲ್ಲ, ಹೇಳುವುದೇನು? ಅಲ್ಲ, ಬೈಗುಳ ತಿನ್ನಲಿಲ್ಲವೆಂದು ಗಂಡಸೊಬ್ಬ ಸೊರಗುವುದುಂಟೇ? ಶಿವ ಸೊರಗಿದ. ಬಾವನ ಬಾಯಿಂದ ತನ್ನ ಹೆಸರೊಂದು ಬಂದರೆ ಸಾಕು, ಮುಂದೆ ನಾಯಿ ಎನ್ನಲಿ, ಹಂದಿ ಎನ್ನಲಿ ಎನ್ನುವಷ್ಟು ಸೊರಗಿದ. ಆದರೂ ಹೋಗಿ ತಪ್ಪಾಯಿತು ಎನ್ನಲು ಜಂಬ ಬಿಡಲಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಕೊನೆಗೆ ಅವನಿಗೆ ಹೊಳೆದದ್ದು ಮೂರ್ಖ ಉಪಾಯ. ಬೇಕೆಂದೇ ತಪ್ಪು ಮಾಡುವುದು. ಎಷ್ಟು ದೊಡ್ಡ ತಪ್ಪೆಂದರೆ, ಮಾಸ್ತಿ ಎಷ್ಟೇ ಹಟ ಹಿಡಿದರೂ ಬಾಯಿ ತಡೆದುಕೊಳ್ಳಲಾಗಬಾರದು. ಮುಂದಿನ ಮಳೆಗಾಲ ಕಳೆದು ಬಲೆ ಮತ್ತೆ ನೀರಿಗಿಳಿಯಿತು. ಒಂದು ಬೆಳಿಗ್ಗೆ ಬಂಗಡೆಯ ಹಿಂಡು ಬಂತು ನೋಡಿ, ನೀರು ಕೆಂಪಗೆ ಕದಡಿದ ಹಾಗೆ ಕಾಣುತ್ತಿತ್ತು. ಅಂಥ ಹಿಂಡು ಎರಡು ವರ್ಷದಿಂದ ದಡದ ಕಡೆ ಮುಖ ಹಾಕಿರಲಿಲ್ಲ. ಹೆಂಗಸರು ಬುಟ್ಟಿ ಹಿಡಿದು ಸಾಲುಗಟ್ಟಿದ್ದರು. ಬಲೆ ಮುಕ್ಕಾಲು ದಾರಿ ಬಂದಾಗ ಶಿವ ತಿರುಗಿ ಬಾವನ ಮುಖ ನೋಡಿದ. ನೋಡುತ್ತಲೇ ಎರಡೂ ಕೈ ಬಿಟ್ಟ.

ಹಗ್ಗ ಹಾವಿನಂತೆ ಸರಿಯಿತು. ಹಿಂದಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ತೆಂಕಣ ಮಗ್ಗುಲಲ್ಲಿ ಬಲೆ ಮಗುಚಿ, ಬೆಳ್ಳಿಯ ಹೊಳಪೊಂದು ಕಡಲಿನ ಕಡೆ ತಿರುಗಿ ಮಾಯವಾಯಿತು. ಅರವತ್ತು ಮನೆಯ ಅನ್ನ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಾಸ್ತಿ ಮರಳು ತುಳಿಯುತ್ತ ಹತ್ತಿರ ಬಂದ. ಅವನ ಕುತ್ತಿಗೆಯ ನರ ಬೆರಳಿನಷ್ಟು ದಪ್ಪ ಎದ್ದಿತ್ತು. ಶಿವ ಕಾದ. ಹೊಡೆದರೂ ಆಗಬಹುದು ಎಂದು ಕಾದ. ಮಾಸ್ತಿ ಎರಡೂ ಕೈ ಜೋಡಿಸಿದ.

“ಶಿವಪ್ಪನವರೆ, ತಮಗೆ ದಣಿವಾಗಿದೆ ಕಾಣ್ತದೆ. ಮೇಲೆ ನೆರಳಲ್ಲಿ ಕೂತ್ಕೊಳ್ಳಿ.”

ತಹಶೀಲ್ದಾರನ ಹತ್ತಿರ ಮಾತಾಡುವ ಭಾಷೆ ಅದು. ಯಾರೂ ನಗಲಿಲ್ಲ. ಅರವತ್ತು ಜನರಲ್ಲಿ ಒಬ್ಬನಾದರೂ ನಕ್ಕಿದ್ದರೆ ಶಿವ ಅಲ್ಲೇ ನಿಲ್ಲುತ್ತಿದ್ದ. ಮೇಲೆ ಹೋಗಿ ತೆಂಗಿನ ನೆರಳಲ್ಲಿ ಕೂತ. ಅಂದು ಸಿಕ್ಕಿದ ಅಷ್ಟಿಷ್ಟು ಮೀನಿನಲ್ಲಿ ಅವನ ಪಾಲು ಚೂರೂ ಕಡಿಮೆಯಾಗದೆ ಮನೆಗೆ ಬಂತು. ಹಗ್ಗ ಮುಟ್ಟದವರಿಗೂ ಪಾಲು ಕಳಿಸುವ ಪದ್ಧತಿ ಅಲ್ಲಿತ್ತು. ಗಂಡ ಸತ್ತವರಿಗೆ, ಜ್ವರದಲ್ಲಿ ಮಲಗಿದವರಿಗೆ, ಕುರುಡ ಕುಂಟರಿಗೆ. ಮೀನು ತಂದ ಹೆಂಗಸು ಅಂಗಳದಲ್ಲೇ ಇಟ್ಟುಹೋದಳು. ಶಿವ ಆ ಮೀನನ್ನು ಬುಟ್ಟಿಸಮೇತ ಎತ್ತಿ ಬೇಲಿಯಾಚೆ ಎಸೆದ. ನಾಗಿ ಹೋಗಿ ಒಂದೊಂದಾಗಿ ಹೆಕ್ಕಿ ತಂದು, ಮಣ್ಣು ತೊಳೆದು, ಸಾರು ಮಾಡಿದಳು. ಬಡಿಸಿ ಎದ್ದುಹೋದಳು.

ಮಾರನೆಯ ದಿನವೇ ಶಿವ ಹೊನ್ನಾವರದ ಬಸ್ಸು ಹತ್ತಿದ.

ಹೊನ್ನಾವರದಲ್ಲಿ ಶಾಂತಾರಾಮ ಎಂಬವನು ಹೊಸದಾಗಿ ಪರ್ಸೀನ್ ಬೋಟು ಇಳಿಸಿದ್ದ. ಯಂತ್ರದ ಬೋಟು, ಹಿಂಡು ಎಲ್ಲಿದೆಯೋ ಅಲ್ಲಿಗೇ ಹೋಗಿ ಸುತ್ತುಗಟ್ಟಿ, ಚೀಲದ ಬಾಯಿ ಕಟ್ಟಿದ ಹಾಗೆ ಕೆಳಗಿನಿಂದ ಕಟ್ಟಿ ಎತ್ತುವ ಬಲೆ. ರಂಪಣಿಯವರ ಬಾಯಿಗೆ ಮಣ್ಣು ಹಾಕಿದ್ದೇ ಈ ಬೋಟುಗಳು. ಶಾಂತಾರಾಮ ಬಿಳಿ ಅಂಗಿಯ ಮನುಷ್ಯ. ಕುಮಟೆಯಲ್ಲಿ ಯಾರೋ ನಡೆಸಿದ ನಾಯಕತ್ವದ ಶಿಬಿರಕ್ಕೆ ಹೋಗಿಬಂದಿದ್ದ. ಆಳುಗಳ ಮೇಲೆ ಸ್ವರ ಎತ್ತಬಾರದು, ಅವರನ್ನು ನಮ್ಮವರು ಎನ್ನಬೇಕು, ಬೆನ್ನು ತಟ್ಟಬೇಕು ಎಂದೆಲ್ಲ ಅಲ್ಲಿ ಕಲಿಸಿದ್ದರಂತೆ. ಅವನು ಕಲಿತದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದ. ದಿನಾ ಬೆಳಿಗ್ಗೆ ಎಲ್ಲರಿಗೂ ಚಾ ಕೊಟ್ಟು, ನಾವೆಲ್ಲ ಒಂದೇ ಮನೆಯವರು ಎನ್ನುತ್ತಿದ್ದ. ಒಂದೇ ಮನೆಯವರ ಹೆಸರು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಇಂಜಿನ್ನಿನವ, ಅಡುಗೆಯವ, ಡಿಂಗಿಯವ, ಹೀಗೆ ಕರೆಯುತ್ತಿದ್ದ.

ಶಿವನಿಗೆ ಸಿಕ್ಕಿದ್ದು ಡಿಂಗಿ. ಬೋಟಿನ ಹಿಂದೆ ಕಟ್ಟಿದ ಚಿಕ್ಕ ದೋಣಿ ಅದು. ಬೋಟು ಹಿಂಡನ್ನು ಸುತ್ತಿ ಬರುವ ತನಕ ಬಲೆಯ ಒಂದು ತುದಿಯ ಹಗ್ಗವನ್ನು ಹಿಡಿದು ಡಿಂಗಿಯಲ್ಲಿ ಒಬ್ಬನೇ ಕೂತಿರಬೇಕು. ಬೋಟು ಸುತ್ತು ಮುಗಿಸಿ ಬಂದ ಮೇಲೆ ಹಗ್ಗ ದಾಟಿಸಬೇಕು. ಮೊದಲು ಡಿಂಗಿಯಲ್ಲಿದ್ದವನ ಕೈ ಹಗ್ಗಕ್ಕೆ ಸಿಕ್ಕಿ ಮುರಿದಿತ್ತು. ಶಾಂತಾರಾಮ ಅವನಿಗೆ ಬಿಸ್ಕಿಟು ಪೊಟ್ಟಣ ಕೊಟ್ಟು, ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ನಗುನಗುತ್ತ ಮನೆಗೆ ಕಳಿಸಿದ್ದ. ಮತ್ತೆ ಕರೆಯಲಿಲ್ಲ. ಬೋಟಿನಲ್ಲಿ ಭಟ್ಕಳದ ಜಾಲಿಯ ಕಡೆಯ ಹುಡುಗರಿದ್ದರು, ಕೆಲಸದಲ್ಲಿ ಗಟ್ಟಿಗರು. ಆದರೆ ಯಾರು ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ, ಯಾರು ಯಾರ ಜೊತೆಗೂ ನಗುತ್ತಿರಲಿಲ್ಲ. ಕೆಲಸ ಮುಗಿದರೆ ತಮ್ಮ ತಮ್ಮ ಮೂಲೆ ಹಿಡಿದು ಮಲಗುವುದು. ಬೈಗುಳ ಬೀಳಲಿಲ್ಲವೆಂದು ಊರು ಬಿಟ್ಟು ಬಂದವನಿಗೆ ಬೈಗುಳವಿಲ್ಲದ ಜಾಗವೇ ಸಿಕ್ಕಿತು, ಇನ್ನೇನು ಬೇಕು? ಶಿವ ಶನಿವಾರ ಶನಿವಾರ ಮನೆಗೆ ಹೋಗುತ್ತಿದ್ದ. ನಾಗಿ ಬಡಿಸಿ ಎದ್ದುಹೋಗುತ್ತಿದ್ದಳು.

ಯಂತ್ರದ ಬೋಟುಗಳು ರಂಪಣಿ ಬಿಡುವ ನೀರಿಗೆ ಬರಕೂಡದೆಂದು ಎರಡೂ ಕಡೆಯ ಹಿರಿಯರು ಕೂತು ಮಾತಾಡಿ ಆಗಿತ್ತು. ಮಾತು ಯಾರಿಗೆ ಬೇಕು, ಮೀನು ಎಲ್ಲಿಯೋ ಬೋಟು ಅಲ್ಲಿಗೆ. ಡಿಸೆಂಬರಿನ ಒಂದು ಮುಂಜಾನೆ ಹಿಂಡಿನ ಬೆನ್ನು ಹತ್ತಿದ ಶಾಂತಾರಾಮನ ಬೋಟು ಕುಮಟೆಯ ಕಡೆಗೆ ಬಂತು. ಅಂದು ಶಾಂತಾರಾಮ ತಾನೇ ಬೋಟಿನಲ್ಲಿದ್ದ. ಬೆಳಕು ಹರಿದಾಗ ಶಿವನಿಗೆ ದಡದ ತೆಂಗಿನ ಸಾಲು ಗುರುತು ಸಿಕ್ಕಿತು. ಅವನ ಊರಿನದೇ ಸಾಲು. ಅತ್ತಲಿಂದ ರಂಪಣಿ ದೋಣಿ ಅದೇ ಹಿಂಡಿಗೆ ಬಲೆ ಬಿಡುತ್ತ ಬರುತ್ತಿತ್ತು. ದೋಣಿಯ ಮೂತಿಯಲ್ಲಿ ತಲೆಗೆ ಕೆಂಪು ಪಂಜಿ ಸುತ್ತಿದ ಮಾಸ್ತಿ ನಿಂತಿದ್ದ.

ಡ್ರೈವರ್ ಹಿಂದೆ ಮುಂದೆ ನೋಡಿದ. ಪಕ್ಕಕ್ಕೆ ಸರಿಸಲೇ ಎಂದು ಕೇಳಿದ. ಅವರಿಗೂ ಅವಕಾಶ ಇದೆ, ನಮಗೂ ಅವಕಾಶ ಇದೆ, ನಾವು ನಮ್ಮ ಕೆಲಸ ಮಾಡೋಣ ಎಂದು ಶಾಂತಾರಾಮ ಮೆತ್ತಗೆ ಹೇಳಿದ. ಡಿಂಗಿ ಕಳಚಿದರು. ಶಿವನ ಕೈಗೆ ಬಲೆಯ ತುದಿಯ ಹಗ್ಗ ಬಂತು. ಬೋಟು ಗುಡುಗುಟ್ಟುತ್ತ ಸುತ್ತು ಹಾಕಲು ಹೋಯಿತು.

ಈಗ ಡಿಂಗಿಗೂ ರಂಪಣಿ ದೋಣಿಗೂ ನಡುವೆ ಕಲ್ಲೆಸೆದರೆ ಮುಟ್ಟುವಷ್ಟು ನೀರು. ದೋಣಿಯಲ್ಲಿ ಈರನೂ ಇದ್ದ, ಹುಟ್ಟು ಹಾಕುವುದನ್ನು ನಿಲ್ಲಿಸಿ ಕಣ್ಣು ಬಿಟ್ಟು ನೋಡುತ್ತಿದ್ದ. ಮಾಸ್ತಿ ಡಿಂಗಿಯಲ್ಲಿ ಕೂತವನ ಗುರುತು ಹಿಡಿದ. ಈಗ ಶಿವಪ್ಪನವರೆ ಎನ್ನುತ್ತಾನೆ, ತಾವು ಎನ್ನುತ್ತಾನೆ, ಹಾಗೇನಾದರೂ ಅಂದರೆ ತಾನು ಇಲ್ಲೇ ಹಾರಿ ಸಾಯುವುದು ಮೇಲು ಎಂದು ಶಿವ ಅಂದುಕೊಂಡ. ಮಾಸ್ತಿಯ ಕುತ್ತಿಗೆಯ ನರ ಎದ್ದಿತು.

“ಏ ಶಿವಾ!”

ಎರಡು ಹಂಗಾಮಿನಿಂದ ಆ ಬಾಯಲ್ಲಿ ಬಾರದ ಹೆಸರು.

“ಹೆಂಡ್ತಿ ಹೊಟ್ಟೆ ತುಂಬ್ಸೂಕೆ ಆಗ್ದವ, ಯಾರ ಬೋಟು ತುಂಬ್ಸೂಕೆ ಬಂದ್ಯೋ? ಹುಟ್ಟಿದ ಊರಿನ ಅನ್ನಕ್ಕೆ ಕೈ ಹಾಕ್ತ್ಯಾ? ಬಿಡು ಹಗ್ಗ, ಕಳ್ಳ ರಂಡೇಗಂಡ. ಬಿಡು ಅಂದೆ.”

ಬಿಡಬೇಕೆಂದು ಶಿವ ಯೋಚಿಸಲಿಲ್ಲ. ಯೋಚಿಸಲು ಹೊತ್ತೆಲ್ಲಿತ್ತು? ಹದಿನೈದು ವರ್ಷ ಆ ಬಾಯಿ ಬಿಡು ಎಂದಾಗ ಬಿಟ್ಟ ಕೈ, ಹಿಡಿ ಎಂದಾಗ ಹಿಡಿದ ಕೈ. ತನ್ನಷ್ಟಕ್ಕೆ ತೆರೆದುಕೊಂಡಿತು. ಹಗ್ಗ ಡಿಂಗಿಯ ಅಂಚು ತಿಕ್ಕುತ್ತ ನೀರಿಗೆ ಹೋಯಿತು. ಅರ್ಧ ಸುತ್ತು ಹಾಕಿದ್ದ ಬೋಟಿನ ಬಲೆ ಬಾಯಿ ಬಿಟ್ಟುಕೊಂಡಿತು. ಯಂತ್ರದ ಸದ್ದು, ಕೂಗು, ಬಲೆಯ ಗಡಿಬಿಡಿ, ಎಲ್ಲ ಸೇರಿ ಹಿಂಡು ಬೆದರಿ ಆಳಕ್ಕಿಳಿಯಿತು. ಬೋಟಿಗೂ ಇಲ್ಲ, ರಂಪಣಿಗೂ ಇಲ್ಲ.

ಬೋಟು ಹಿಂತಿರುಗಿ ಬಂತು. ಜಾಲಿಯ ಹುಡುಗರು ಬಗ್ಗಿ ನೋಡುತ್ತಿದ್ದರು. ಶಾಂತಾರಾಮ ಬಿಳಿ ಅಂಗಿಯಲ್ಲಿ ಅಂಚಿಗೆ ಬಂದು ನಿಂತ. ಮುಖದ ಮೇಲಿನ ನಗೆ ಹಾಗೆಯೇ ಇತ್ತು. ಪರವಾಗಿಲ್ಲ, ತಪ್ಪು ಎಲ್ಲರಿಂದಲೂ ಆಗುತ್ತದೆ ಎಂದು ಶಿವನಿಗೆ ಹೇಳಿದ. ಆಮೇಲೆ ಡ್ರೈವರನ ಕಡೆ ತಿರುಗಿ ಅಷ್ಟೇ ಮೆತ್ತಗೆ ಹೇಳಿದ.

“ಡಿಂಗಿ ಕಟ್ಟಿ ಎಳ್ಕೊಳ್ಳಿ. ಡಿಂಗಿಯವರು ಈಜಿ ಹೋಗ್ತಾರೆ.”

ಹುಡುಗರು ಡಿಂಗಿಯ ಹಗ್ಗ ಹಿಡಿದು ಕಾದರು. ಶಿವ ನೀರಿಗೆ ಹಾರಿದ.

ದಡ ಸೇರುವ ಹೊತ್ತಿಗೆ ಅವನ ತೋಳು ಸೀಸದ ಗುಂಡಾಗಿತ್ತು. ರಂಪಣಿಯ ಎರಡೂ ಹಗ್ಗ ಅಷ್ಟರಲ್ಲಿ ದಡಕ್ಕೆ ಬಂದಿದ್ದವು. ಬಿಟ್ಟ ಬಲೆ ಖಾಲಿಯೋ ತುಂಬಿಯೋ, ಎಳೆಯಲೇಬೇಕಲ್ಲ. ಮಾಸ್ತಿ ನಡುವೆ ನಿಂತು ಇಬ್ಬದಿಗೂ ಬೈಯುತ್ತಿದ್ದ. ನೀರು ಸುರಿಸುತ್ತ ಬಂದ ಶಿವ ತೆಂಕಣ ಹಗ್ಗದ ಹತ್ತಿರ ಬಂದು ನಿಂತ. ಮುಂದಾಳಿನ ಜಾಗದಲ್ಲಿ ಈಗ ದೋಣಿಯಿಂದ ಇಳಿದು ಬಂದ ಈರ ಇದ್ದ. ಹಿಡಿಯಲೋ ಬೇಡವೋ ಎಂದು ಶಿವ ಕೈ ಚಾಚಿ ಹಿಂದೆಳೆದುಕೊಂಡ. ನಿಂತವರ ಮುಖದಲ್ಲಿ ಬಾ ಎಂಬುದೂ ಇರಲಿಲ್ಲ, ಹೋಗು ಎಂಬುದೂ ಇರಲಿಲ್ಲ. ಎಲ್ಲರೂ ತಂಡೇಲನ ಬಾಯಿ ನೋಡಿದರು.

“ಮದುಮಗನ ಹಾಗೆ ನಿಂತ್ಯಲ್ಲ, ಆರತಿ ತರ್ಬೇಕಾ? ಹಿಡಿಯೋ ಹಗ್ಗ, ಬೋಟಿನ ಎಂಜಲು ನೆಕ್ಕಿದ ನಾಯಿ.”

ಈರ ಒಂದು ಹೆಜ್ಜೆ ಹಿಂದೆ ಸರಿದ. ಶಿವ ತನ್ನ ಜಾಗಕ್ಕೆ ಹೋಗಿ ಕಾಲೂರಿದ. ಆಮೇಲೆ ಬಲೆ ಬರುವ ತನಕ ಮಾಸ್ತಿ ಬೇರೆಯವರನ್ನು ಮರೆತೇಬಿಟ್ಟ. ಅಷ್ಟೂ ಶಿವನಿಗೆ. ಅಪ್ಪನಿಗೆ ಬೈದ, ಅಜ್ಜನಿಗೆ ಬೈದ, ಅವನ ತೊಡೆಗೆ, ತೋಳಿಗೆ, ಅವನು ಉಂಡ ಅನ್ನಕ್ಕೆ ಬೈದ. ಮಕ್ಕಳಿಲ್ಲದ ಮಾತನ್ನು ಮತ್ತೆ ಮತ್ತೆ ಎತ್ತಿದ. ಶಿವನಿಗೆ ಅದು ಮೊದಲಿನಷ್ಟೇ ಉರಿಯಿತು, ಒಂದು ಗುಲಗಂಜಿಯೂ ಕಡಿಮೆಯಾಗಲಿಲ್ಲ. ಉರಿಯುತ್ತಲೇ ಎಳೆದ. ಬೆನ್ನ ಹಿಂದೆ ಈರನ ಉಸಿರು ಕೇಳಿಸುತ್ತಿತ್ತು. ಹಗ್ಗದ ಮೇಲೆ ಖಾಲಿ ಜಾಗ ಇರಲಿಲ್ಲ.

ಬಲೆ ದಡ ಮುಟ್ಟಿತು. ಒಂದಷ್ಟು ಏಡಿ, ಒಂದು ರಾಶಿ ತಿನ್ನಲಾಗದ ಲೋಳೆಮೀನು, ಹೆಕ್ಕಿದರೆ ಬುಟ್ಟಿ ತುಂಬದ ಬಂಗಡೆ. ಜನ ಮರಳಲ್ಲಿ ಕೂರಲಿಲ್ಲ. ನಿಂತು ಕಾದರು. ತಂಡೇಲ ಬಾಯಿ ತೊಳೆಯಬೇಕು, ಆಮೇಲೆ ಕೂರಬೇಕು, ಯಾರೋ ನಗಬೇಕು, ಇವತ್ತಿನ ದಿನ ಮುಗಿಯಬೇಕು.

ಮಾಸ್ತಿ ತಲೆಯ ಪಂಜಿ ಬಿಚ್ಚಿ ಮುಖ ಒರೆಸಿಕೊಂಡ. ನೀರಿನ ಅಂಚಿಗೆ ಹೋದ. ತೆರೆ ಬಂದು ಅವನ ಪಾದ ತೋಯಿಸಿ ಹಿಂದೆ ಹೋಯಿತು. ಅವನು ಬಗ್ಗಲಿಲ್ಲ. ಇನ್ನೊಂದು ತೆರೆ ಬಂತು. ಮಾಸ್ತಿ ಪಂಜಿಯನ್ನು ಹೆಗಲ ಮೇಲೆ ಹಾಕಿಕೊಂಡು, ತಿರುಗಿ, ಯಾರ ಮುಖವನ್ನೂ ನೋಡದೆ ತೆಂಗಿನ ಸಾಲು ದಾಟಿ ಮನೆಯ ದಾರಿ ಹಿಡಿದ.

ಅಂಥದ್ದು ಆ ದಂಡೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಹಾಗಾದರೆ ಆಡಿದ್ದೆಲ್ಲ ಆಡಿದ್ದೇ. ಒಂದು ಮಾತೂ ಕಡಲಿಗೆ ಹೋಗಲಿಲ್ಲ. ಅಷ್ಟೂ ದಡದ ಮೇಲೆ ನಿಂತಿತು, ಮನೆಯ ತನಕ ಬರುವ ಹಾಗೆ.

“ಶಿವಣ್ಣ,” ಎಂದ ಈರ, ಸಣ್ಣ ಸ್ವರದಲ್ಲಿ. “ಅಂವ ಬಾಯಿ ತೊಳೀಲಿಲ್ಲ.”

“ಕಂಡೆ,” ಎಂದ ಶಿವ.

ಮನೆಗೆ ಹೋಗುವಾಗ ಲಿಂಗಪ್ಪನ ಅಂಗಡಿಯ ಮುಂದಿನಿಂದಲೇ ಹೋಗಬೇಕಿತ್ತು. ಒಳಗೆ ಮಾಸ್ತಿ ಕೂತಿದ್ದ, ಎದುರಿಗೆ ಚಾ ಇತ್ತು. ಅಂಗಡಿಯವರು ಶಿವನ ಕಡೆ ನೋಡಿದರು. ಈಗ ಕಟ್ಟಳೆಯೇ ಅವನ ಕಡೆಗಿತ್ತು. ಬಾಯಿ ತೊಳೆಯದ ತಂಡೇಲನನ್ನು ಯಾರು ಬೇಕಾದರೂ ಕೇಳಬಹುದು, ಕೊರಳಪಟ್ಟಿ ಹಿಡಿದೂ ಕೇಳಬಹುದು. ನಾಲಿಗೆಯ ತುದಿಗೆ ಮಾತು ಬಂತು, ಒಂದಲ್ಲ, ಹತ್ತು ಬಂತು. ಮಾಸ್ತಿಯೂ ಅದನ್ನೇ ಕಾಯುವವನಂತೆ ಗ್ಲಾಸು ಮುಟ್ಟದೆ ಕೂತಿದ್ದ. ಶಿವನಿಗೆ ಮೆಟ್ಟುಗತ್ತಿಯ ಮುಂದೆ ತಲೆಯೆತ್ತದೆ ಕೂತ ನಾಗಿ ನೆನಪಾದಳು. ಮಾತನ್ನು ನುಂಗಿದ. ಗಂಟಲು ಕೊಯ್ದುಕೊಂಡು ಇಳಿಯಿತು. ಅಂಗಡಿ ದಾಟಿ ನಡೆದ.

ನಾಗಿ ಆಗಷ್ಟೇ ಕುಮಟೆಯ ಪೇಟೆಯಿಂದ ಬಂದು ಬುಟ್ಟಿ ತೊಳೆದು ಕವುಚಿಹಾಕುತ್ತಿದ್ದಳು. ವಾರದ ನಡುವೆ, ಒದ್ದೆ ಬಟ್ಟೆಯಲ್ಲಿ, ಬರಿಗೈಯಲ್ಲಿ ಬಂದ ಗಂಡನನ್ನು ನೋಡಿದಳು. ಅಂಗೈಯಲ್ಲಿ ಹಗ್ಗದ ಹಸಿ ಗಾಯ ಕಂಡಿತು. ಬೋಟಿನದಲ್ಲ ಅದು, ರಂಪಣಿ ಹಗ್ಗದ್ದು ಎಂದು ಯಾರೂ ಹೇಳಬೇಕಾಗಿರಲಿಲ್ಲ.

“ಅಣ್ಣ ಬೈದ್ನಾ?”

“ಬೈದ.”

“ಎಂತ ಅಂದ?”

“ಯಾವಾಗ್ಲೂ ಅನ್ನೂದೇ.”

ಅವಳ ಕೈ ಬುಟ್ಟಿಯ ಮೇಲೆ ನಿಂತಿತು. ಯಾವಾಗಲೂ ಅನ್ನುವುದು ಯಾವುದೆಂದು ಅವಳಿಗೆ ಗೊತ್ತಿತ್ತು. ಅದು ಯಾರ ಹೊಟ್ಟೆಯ ಮಾತೆಂದೂ ಗೊತ್ತಿತ್ತು.

“ಬಾಯಿ ತೊಳ್ದ್ನಾ?”

ನಾಳೆ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅರವತ್ತು ಜನ ನೋ‌ಡಿದ್ದಾರೆ. ಅದು ಶಿವನಿಗೂ ಗೊತ್ತಿತ್ತು.

“ತೊಳ್ದ,” ಎಂದ. “ಮೂರೂ ಸಲ.”

ನಾಗಿ ಅವನ ಮುಖ ನೋಡಿದಳು. ನಂಬಿದಳೋ ಬಿಟ್ಟಳೋ, ಹಂಗಾರೆ ಆತು ಎಂದು ಒಳಗೆ ಹೋದಳು. ಅನ್ನ ಬಡಿಸಿದಳು, ಗಂಜಿಯ ಪಾತ್ರೆಯನ್ನು ತಟ್ಟೆಯ ಪಕ್ಕ ಇಟ್ಟಳು. ಶಿವ ತಲೆ ತಗ್ಗಿಸಿ ಕಲಸತೊಡಗಿದ. ತುಸು ಹೊತ್ತಾದರೂ ಹಿತ್ತಲ ಬಾಗಿಲು ತೆರೆದ ಸದ್ದು ಕೇಳಲಿಲ್ಲ. ನಾಗಿ ಎದುರಿಗೆ ಕೂತಿದ್ದಳು.